ಮಾರ್ಚ್ ಮುಗಿದ ಮೇಲೆ ಈ ಮಕ್ಕಳು ಯಾರವರು? ಪದವಿ ಪೂರ್ವ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ನಿರ್ದೇಶಕರು,
ಪದವಿ ಪೂರ್ವ ಶಿಕ್ಷಣ ಇಲಾಖೆ, ಬೆಂಗಳೂರು.

ಮಾನ್ಯರೆ,

ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಹದಿನೇಳು ವರ್ಷ ಆಯಿತು. ನನಗೆ ವರ್ಗಾವಣೆ ಬೇಕಿಲ್ಲ, ಬಡ್ತಿ ವಿಷಯವೂ ಅಲ್ಲ. ನಮ್ಮ ಸೆಕೆಂಡ್ ಪಿಯು ಮಕ್ಕಳ ಬಗ್ಗೆ ಒಂದು ಮಾತು ಹೇಳಬೇಕಿದೆ. ಇದು ನಿಮಗೆ ಮಾತ್ರ ಅಲ್ಲ, ಅಪ್ಪ ಅಮ್ಮಂದಿರಿಗೂ ನನ್ನ ಜೊತೆಯ ಉಪನ್ಯಾಸಕರಿಗೂ ತಲುಪಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ, ಮಳೆಗಾಲ. ಸಂಜೆ ಕಾಲೇಜು ಬಿಟ್ಟು ಬಸ್ ಸ್ಟ್ಯಾಂಡ್ ಕಡೆ ನಡೆದುಕೊಂಡು ಹೋಗುತ್ತಿದ್ದೆ. ಹಿಂದಿನ ಮಾರ್ಚ್‌ನಲ್ಲಿ ಪರೀಕ್ಷೆ ಬರೆದು ಹೋಗಿದ್ದ ಒಬ್ಬ ಹುಡುಗಿ ಎದುರಿಗೆ ಸಿಕ್ಕಳು. ಮನೆಯಲ್ಲಿ ಪಿಯು ಪಾಸಾದ ಮೊದಲ ಹೆಣ್ಣುಮಗಳು ಅವಳು. ಒಳ್ಳೆ ಅಂಕ ಬಂದಿತ್ತು, ಎಂಜಿನಿಯರಿಂಗ್, ಕೃಷಿಯಂಥ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ರ್‍ಯಾಂಕೂ ಚೆನ್ನಾಗಿತ್ತು. ಯಾವ ಕಾಲೇಜು ಸೇರಿದೆ ಅಂತ ಖುಷಿಯಿಂದ ಕೇಳಿದೆ. ಅವಳು ತಲೆ ತಗ್ಗಿಸಿ, "ಸೀಟ್ ಹೋತ್ರಿ ಮೇಡಂ" ಅಂದಳು.

ಅಲ್ಲೇ ಕಟ್ಟೆ ಮೇಲೆ ಕೂರಿಸಿಕೊಂಡು ಕೇಳಿದೆ. ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ಒಂದು ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಬಂದಿತ್ತಂತೆ. ಸೀಟು ಬಂದ ಮೇಲೆ ಪರದೆ ಮೇಲೆ ನಾಲ್ಕು ಚಾಯ್ಸ್ ಬರುತ್ತವೆ. ಒಂದನೆಯದು, ಈ ಸೀಟು ಒಪ್ಪಿದೆ, ಸೇರುತ್ತೇನೆ. ಎರಡನೆಯದು, ಇದು ಇರಲಿ, ಇದಕ್ಕಿಂತ ಒಳ್ಳೆಯದು ಬಂದರೆ ಮುಂದಿನ ಸುತ್ತಿನಲ್ಲಿ ನೋಡುತ್ತೇನೆ. ಮೂರನೆಯದು, ಇದು ಬೇಡ, ಆದರೆ ಮುಂದಿನ ಸುತ್ತಿಗೆ ಇರುತ್ತೇನೆ. ನಾಲ್ಕನೆಯದು, ನನಗೆ ಏನೂ ಬೇಡ. ಅವಳು ಅಪ್ಪನ ಜೊತೆ ಸೈಬರ್ ಸೆಂಟರಿಗೆ ಹೋಗಿದ್ದಳು. ಅವತ್ತು ಕೊನೆ ದಿನ. ಹಿಂದೆ ಹತ್ತು ಜನ ನಿಂತಿದ್ದರು. ಒಂದಕ್ಕೂ ಎರಡಕ್ಕೂ ಫೀ ಕಟ್ಟಬೇಕು ಅಂದರು. ದುಡ್ಡು ಹೊಂದಿಸಲು ಇನ್ನೂ ಎರಡು ದಿನ ಬೇಕಿತ್ತು. "ರೊಕ್ಕ ಕಟ್ಟಲಾರದ್ದು ಯಾವುದೈತಿ ಅದನ್ನ ಒತ್ರಿ" ಅಂತ ಅಪ್ಪ ಹೇಳಿದರು. ಮೂರನೆಯದು ಒತ್ತಿದರು.

ಬಂದ ಸೀಟು ಕೈಬಿಟ್ಟು ಹೋಯಿತು. ಮುಂದಿನ ಸುತ್ತಿನಲ್ಲಿ, ಅವಳು ಮೊದಲೇ ತುಂಬಿದ್ದ ಕಾಲೇಜುಗಳ ಪಟ್ಟಿಯಲ್ಲಿ ಆ ಸೀಟಿಗಿಂತ ಮೇಲಿದ್ದ ಆಪ್ಷನ್‌ಗಳನ್ನು ಮಾತ್ರ ನೋಡುತ್ತಾರೆ. ಮೇಲಿದ್ದದ್ದು ಎರಡೇ. ಎರಡೂ ಬೆಂಗಳೂರಿನ ದೊಡ್ಡ ಕಾಲೇಜುಗಳು. ಅಲ್ಲಿಗೆ ಅವಳ ರ್‍ಯಾಂಕ್ ಸಾಲುವುದಿಲ್ಲ. ಹಾಗಾಗಿ ಏನೂ ಬರಲಿಲ್ಲ. ಅಷ್ಟೊತ್ತಿಗೆ ಡಿಗ್ರಿ ಕಾಲೇಜಿನ ದಾಖಲಾತಿಯೂ ಮುಗಿದಿತ್ತು. ಒಂದು ವರ್ಷ ಮನೆಯಲ್ಲಿ ಕೂತಳು. ಮರುವರ್ಷ ಬಿಎಸ್ಸಿ ಸೇರಿದಳು. ಬಿಎಸ್ಸಿ ಕೆಟ್ಟದ್ದು ಅಂತ ನಾನು ಖಂಡಿತ ಹೇಳುತ್ತಿಲ್ಲ, ನಾನೂ ಬಿಎಸ್ಸಿ ಓದಿದವಳೇ. ಆದರೆ ಅದನ್ನು ಅವಳು ಆರಿಸಿಕೊಳ್ಳಲಿಲ್ಲ.

ನಾನು ಕೇಳಿದೆ: "ಯಾಕವ್ವಾ, ಒಂದು ಫೋನ್ ಮಾಡಬಾರದಿತ್ತಾ? ನನ್ನ ನಂಬರ್ ಇತ್ತಲ್ಲ."

ಅವಳು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಪರೀಕ್ಷಾ ಮುಗೀತಲ್ರಿ ಮೇಡಂ. ನೀವೀಗ ನಮಗ ಮೇಡಂ ಅಲ್ಲಲ್ರಿ. ಹೆಂಗ ಕೇಳೂದು ಅಂತ ಸುಮ್ನಿದ್ದೆ."

ಮಾನ್ಯರೆ, ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ವ್ಯವಸ್ಥೆ ಹೇಳುವುದೂ ಅದನ್ನೇ ಅಲ್ವಾ? ಫೆಬ್ರವರಿಯಲ್ಲಿ ಬೀಳ್ಕೊಡುಗೆ ಸಮಾರಂಭ ಮಾಡುತ್ತೇವೆ. ಹಾರ, ಫೋಟೊ, ಭಾಷಣ. ಹಾಲ್ ಟಿಕೆಟ್ ಕೊಡುತ್ತೇವೆ. ಮಾರ್ಚ್‌ನಲ್ಲಿ ಪರೀಕ್ಷೆ. ಅಲ್ಲಿಗೆ ಮಗು ನಮ್ಮ ಹಾಜರಿ ಪುಸ್ತಕದಿಂದ ಹೊರಗೆ. ಮಗುವಿಗೆ ನಿಜವಾಗಿ ಒಬ್ಬ ಮೇಷ್ಟ್ರು ಬೇಕಾಗುವುದು ಆಮೇಲೆ. ಏಪ್ರಿಲ್‌ನಲ್ಲಿ ಸಿಇಟಿ. ಅದರ ಹಿಂದೆ ಮುಂದೆ ಪಿಯು ಫಲಿತಾಂಶ. ಅಂಕ ಕಡಿಮೆ ಬಂದವರಿಗೆ ಪರೀಕ್ಷೆ ಎರಡು ಅಂತ ಮತ್ತೊಂದು ಅವಕಾಶ. ಆಮೇಲೆ ದಾಖಲೆ ಪರಿಶೀಲನೆ, ಬೇಕಾದ ಕಾಲೇಜುಗಳ ಪಟ್ಟಿ ತುಂಬುವ ಆಪ್ಷನ್ ಎಂಟ್ರಿ, ಅಣಕು ಹಂಚಿಕೆ, ಮೊದಲ ಸುತ್ತು, ಎರಡನೇ ಸುತ್ತು. ಒಂದೊಂದು ವರ್ಷ ಇದೆಲ್ಲ ಸೆಪ್ಟೆಂಬರ್ ದಾಟುತ್ತದೆ. ಏಪ್ರಿಲ್, ಮೇ ನಮಗೆ ರಜೆ. ಜೂನ್ ಬಂದರೆ ಹೊಸ ಬ್ಯಾಚು. ಹಳೆ ಮಕ್ಕಳು ಆ ಹೊತ್ತಿಗೆ ಪಿಯು ಕಾಲೇಜಿನವರೂ ಅಲ್ಲ, ಮುಂದಿನ ಕಾಲೇಜಿನವರೂ ಅಲ್ಲ. ಈ ಆರು ತಿಂಗಳು ಅವರು ಯಾರವರು? ಇದನ್ನು ಕೇಳಲಿಕ್ಕೇ ಈ ಪತ್ರ.

ಪೇಟೆಯ ದೊಡ್ಡ ಖಾಸಗಿ ಕಾಲೇಜುಗಳಲ್ಲಿ ಈ ಕೆಲಸಕ್ಕೇ ಜನ ಇರುತ್ತಾರೆ. ಓದಿದ ಅಪ್ಪ ಅಮ್ಮ ಇದ್ದರೆ ಅವರೇ ರಾತ್ರಿ ಕೂತು ಹಿಂದಿನ ವರ್ಷದ ಕಟ್ ಆಫ್ ನೋಡುತ್ತಾರೆ, ಎಕ್ಸೆಲ್ ಶೀಟ್ ಮಾಡುತ್ತಾರೆ. ನಮ್ಮ ಮಕ್ಕಳಿಗೆ ಸೈಬರ್ ಸೆಂಟರಿನ ಹುಡುಗನೇ ಗತಿ. ಅವನನ್ನು ನಾನು ಬೈಯಲ್ಲ. ಅವನೂ ನಮ್ಮ ಹಳೆ ವಿದ್ಯಾರ್ಥಿಯೇ ಇರಬಹುದು. ದಿನಕ್ಕೆ ಐವತ್ತು ಅರ್ಜಿ ತುಂಬುತ್ತಾನೆ. ಪಹಣಿ, ಪಾನ್ ಕಾರ್ಡ್, ಬಸ್ ಪಾಸ್, ಅದರ ನಡುವೆ ಒಂದು ಮಗುವಿನ ಇಡೀ ಜೀವನ. ಅವನಿಗೆ ಇದು ಐದು ನಿಮಿಷದ ಕೆಲಸ. ಎಷ್ಟೋ ಸಲ ಅರ್ಜಿಯಲ್ಲಿ ಮೊಬೈಲ್ ನಂಬರ್ ಕೂಡ ಸೆಂಟರಿನದ್ದೇ ಇರುತ್ತದೆ. ಒಟಿಪಿ ಅಲ್ಲಿಗೆ ಹೋಗುತ್ತದೆ, ಮೆಸೇಜ್ ಅಲ್ಲಿಗೆ ಹೋಗುತ್ತದೆ. ಸೀಟು ಬಂದ ಸುದ್ದಿ ಮಗುವಿಗೆ ಎರಡು ದಿನ ತಡವಾಗಿ ಗೊತ್ತಾಗುತ್ತದೆ.

ಮೊದಲು ಕೌನ್ಸೆಲಿಂಗ್ ಅಂದರೆ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಆ ಖರ್ಚು, ಆ ಅಲೆದಾಟ ತಪ್ಪಿತು. ಆನ್‌ಲೈನ್ ಆಗಿದ್ದು ನಮ್ಮಂಥ ದೂರದ ಜಿಲ್ಲೆಗಳಿಗೆ ದೊಡ್ಡ ಉಪಕಾರ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಎದುರಿಗೆ ಕೂತು "ಹೀಗೆ ಮಾಡಪ್ಪ" ಅಂತ ಹೇಳುವ ಒಬ್ಬ ಮನುಷ್ಯ ಮಾತ್ರ ಎಲ್ಲೂ ಸಿಗುವುದಿಲ್ಲ.

ಕಾಗದಪತ್ರದ ವಿಷಯಕ್ಕೆ ಬರುತ್ತೇನೆ. ನನ್ನ ಅನುಭವದಲ್ಲಿ ಮಕ್ಕಳು ಅಂಕದಿಂದ ಕಳೆದುಕೊಳ್ಳುವುದಕ್ಕಿಂತ ಜಾಸ್ತಿ ಕಾಗದದಿಂದ ಕಳೆದುಕೊಳ್ಳುತ್ತಾರೆ. ನಮ್ಮ ಜಿಲ್ಲೆ ಕಲ್ಯಾಣ ಕರ್ನಾಟಕದ್ದು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಗಳಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ. ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು, ರಾಜ್ಯದ ಬೇರೆ ಕಡೆ ನೂರಕ್ಕೆ 8 ಸೀಟು. ಎಷ್ಟೋ ಹೋರಾಟದ ಮೇಲೆ 2012ರ ಕೊನೆಯಲ್ಲಿ ಸಂಸತ್ತು ಈ ವಿಧಿಗೆ ಒಪ್ಪಿಗೆ ಕೊಟ್ಟಿತು. ಆದರೆ ಆ ಮೀಸಲಾತಿ ಮಗುವಿನ ಕೈಗೆ ಬರಬೇಕಾದರೆ ಸಹಾಯಕ ಆಯುಕ್ತರ ಕಚೇರಿಯಿಂದ ಪ್ರಮಾಣ ಪತ್ರ ಬೇಕು. ಸಿಇಟಿ ಅರ್ಜಿ ತುಂಬುವಾಗಲೇ ಅದನ್ನು ಕೇಳುತ್ತಾರೆ. ನಮ್ಮ ಮಕ್ಕಳಿಗೆ ಅದರ ನೆನಪಾಗುವುದೂ ಅವತ್ತೇ.

ಜಾತಿ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರಗಳ ಕಥೆಯೂ ಅಷ್ಟೆ. ನಾಡಕಚೇರಿಯಲ್ಲಿ ಕೊಡುವ ಪತ್ರದ ಮೇಲೆ ಆರ್‌ಡಿ ನಂಬರ್ ಇರುತ್ತದೆ. ಸಿಇಟಿ ಅರ್ಜಿಯಲ್ಲಿ ಆ ನಂಬರ್ ಹಾಕಿದರೆ ಹೆಸರು ತಾನಾಗಿ ಬರುತ್ತದೆ. ಬರುವ ಹೆಸರು ಮಾರ್ಕ್ಸ್ ಕಾರ್ಡಿನ ಹೆಸರಿಗೆ ತಾಳೆ ಆಗಬೇಕು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಬರೀ ಹೆಸರು ಇರುತ್ತದೆ. ಆಧಾರ್‌ನಲ್ಲಿ ಅಪ್ಪನ ಹೆಸರೂ ಅಡ್ಡಹೆಸರೂ ಸೇರಿರುತ್ತವೆ. ಜಾತಿ ಪತ್ರದಲ್ಲಿ ಒಂದು ಅಕ್ಷರ ಬೇರೆ. ಇಂಗ್ಲಿಷ್‌ನಲ್ಲಿ ಒಂದು ಹೆಚ್ ಜಾಸ್ತಿ. ಮಾರ್ಚ್‌ನಲ್ಲಿ, ಪರೀಕ್ಷೆಗೆ ಓದಬೇಕಾದ ಹೊತ್ತಿನಲ್ಲಿ, ಮಗು ಆಧಾರ್ ಕೇಂದ್ರದ ಸಾಲಿನಲ್ಲಿ ನಿಂತಿರುತ್ತದೆ. ಫಸ್ಟ್ ಪಿಯುನಲ್ಲೇ ಒಂದು ಮಧ್ಯಾಹ್ನ ಕೂತು ನೋಡಿದ್ದರೆ ಸಾಕಿತ್ತು.

ಹೋದ ವರ್ಷ ನಾನು ಅದನ್ನು ಮಾಡಿ ನೋಡಿದೆ. ಆಗಸ್ಟ್‌ನಲ್ಲಿ ಒಂದು ಶನಿವಾರ. ಫಸ್ಟ್ ಪಿಯು ಮಕ್ಕಳಿಗೆ ಮನೆಯಲ್ಲಿರುವ ಎಲ್ಲಾ ಕಾಗದ ತನ್ನಿ ಅಂದೆ. ಯಾರೋ ರೇಷನ್ ಅಂಗಡಿ ಚೀಲದಲ್ಲಿ ತಂದರು, ಯಾರೋ ಬಟ್ಟೆಯಲ್ಲಿ ಸುತ್ತಿ ತಂದರು. ಒಬ್ಬ ಹುಡುಗ ತಗಡಿನ ಪೆಟ್ಟಿಗೆಯನ್ನೇ ಹೊತ್ತು ತಂದಿದ್ದ. ಬೆಂಚಿನ ಮೇಲೆ ಹರವಿಕೊಂಡು ಒಬ್ಬರ ಕಾಗದ ಇನ್ನೊಬ್ಬರು ನೋಡಿದರು. ಹೆಸರಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ, ಮೂರೂ ಕಡೆ ಅಕ್ಷರ ಒಂದೇನಾ ನೋಡಿ ಅಂದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಕಾಗದದಲ್ಲಿ ಏನಾದರೂ ಒಂದು ವ್ಯತ್ಯಾಸ ಇತ್ತು. ಆದಾಯ ಪತ್ರದ ಐದು ವರ್ಷದ ಅವಧಿ ಮುಗಿದದ್ದು ಎಷ್ಟೋ ಇದ್ದವು. ಒಬ್ಬ ಹುಡುಗಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೇ ಆಗಿರಲಿಲ್ಲ. ಎರಡು ವರ್ಷ ಸ್ಕಾಲರ್‌ಶಿಪ್ ಯಾಕೆ ಬಂದಿಲ್ಲ ಅಂತ ಅವಳಿಗೆ ಅವತ್ತು ಗೊತ್ತಾಯಿತು. ಇಷ್ಟೆಲ್ಲ ಕಂಡದ್ದು ಮೂರು ಗಂಟೆಯ ಕೆಲಸದಲ್ಲಿ.

ಹಳ್ಳಿ ಶಾಲೆಯಲ್ಲಿ ಓದಿದವರಿಗೆ ನೂರಕ್ಕೆ 15 ಸೀಟು ಗ್ರಾಮೀಣ ಮೀಸಲು. ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5. ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಹಾಗೆ ಓದಿರಬೇಕು. ಎಂಟನೇ ಕ್ಲಾಸಿಗೆ ಪಟ್ಟಣಕ್ಕೆ ಬಂದವರಿಗೆ ಗ್ರಾಮೀಣ ಮೀಸಲು ಸಿಗುವುದಿಲ್ಲ. ಇದು ಗೊತ್ತಿಲ್ಲದೆ ಹೌದು ಅಂತ ತುಂಬುತ್ತಾರೆ, ಪರಿಶೀಲನೆಯಲ್ಲಿ ಬಿದ್ದುಹೋಗುತ್ತದೆ. ನಿಜವಾಗಿ ಅರ್ಹತೆ ಇದ್ದವರು ವ್ಯಾಸಂಗ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರ ಮೇಲುಸಹಿ ಆಗಿಲ್ಲ ಅಂದುಕೊಂಡು ಅರ್ಜಿಯಲ್ಲಿ "ಇಲ್ಲ" ಅಂತ ತುಂಬಿಬಿಡುತ್ತಾರೆ. ಮನೆಯ ವರಮಾನ ಕಡಿಮೆ ಇರುವ ಮಕ್ಕಳಿಗೆ ಬೋಧನಾ ಶುಲ್ಕ ಇಲ್ಲದ ಎಸ್‌ಎನ್‌ಕ್ಯೂ ಸೀಟುಗಳಿವೆ. ನನ್ನ ತರಗತಿಯಲ್ಲಿ ಆ ಹೆಸರು ಕೇಳಿದವರು ಎಷ್ಟು ಜನ ಅಂದರೆ ಒಂದು ಕೈಯೂ ಮೇಲೇಳಲಿಲ್ಲ.

ಆಪ್ಷನ್ ಎಂಟ್ರಿ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಕ್ಕಳು ಜಾಸ್ತಿ ಎಡವುವುದು ಇಲ್ಲಿ.

ಆ ಹುಡುಗಿಯ ವಿಷಯ ಗೊತ್ತಾದ ಮೇಲೆ ನಾನು ಸುಮ್ನೆ ಕೂರಲಿಲ್ಲ. ಮರುವರ್ಷ ಆಪ್ಷನ್ ಎಂಟ್ರಿ ಶುರುವಾದಾಗ ಪಾಸಾದ ಮಕ್ಕಳಿಗೆಲ್ಲ ಫೋನ್ ಮಾಡಿದೆ. ಭಾನುವಾರ ನಮ್ಮ ಮನೆಗೆ ಹನ್ನೊಂದು ಮಕ್ಕಳು ಬಂದರು. ನಮ್ಮ ಮನೆಯಲ್ಲಿ ಅಷ್ಟು ಕುರ್ಚಿ ಇಲ್ಲ, ಚಾಪೆ ಹಾಕಿದೆ. ಹಳೆ ಪ್ರಶ್ನೆಪತ್ರಿಕೆಗಳ ಖಾಲಿ ಬದಿಯನ್ನು ಬೆರಳಗಲ ಪಟ್ಟಿ ಪಟ್ಟಿಯಾಗಿ ಕತ್ತರಿಸಿದೆವು. ಒಂದೊಂದು ಪಟ್ಟಿ ಮೇಲೆ ಒಂದು ಕಾಲೇಜು, ಒಂದು ಕೋರ್ಸು, ಕೋಡ್ ನಂಬರ್, ವರ್ಷದ ಫೀ, ಊರಿಂದ ಎಷ್ಟು ದೂರ, ಹಾಸ್ಟೆಲ್ ಇದೆಯಾ ಇಲ್ಲವಾ ಅಂತ ಬರೆಸಿದೆ. ಆಮೇಲೆ ಚಾಪೆ ಮೇಲೆ ಒಂದರ ಕೆಳಗೆ ಒಂದು ಜೋಡಿಸಿ ಅಂದೆ.

ಒಬ್ಬ ಹುಡುಗ ಮನೆ ಹತ್ತಿರದ ಒಂದು ಸಣ್ಣ ಕಾಲೇಜನ್ನು ಎಲ್ಲಕ್ಕಿಂತ ಮೇಲಿಟ್ಟ. ಇದು ಬೇಕಾ ನಿನಗೆ ಅಂತ ಕೇಳಿದೆ. "ಇಲ್ರಿ ಮೇಡಂ. ಆದ್ರ ಸಿಗೂದನ್ನ ಮ್ಯಾಲೆ ಹಾಕ್ಬೇಕಂತ್ರಿ. ಇಲ್ಲಾಂದ್ರ ಅದೂ ಹೋಕ್ಕೈತಂತ್ರಿ." ಹನ್ನೊಂದರಲ್ಲಿ ಎಂಟು ಮಕ್ಕಳು ಹಾಗೇ ತಿಳಿದಿದ್ದರು. ಇದು ಪೂರ್ತಿ ತಪ್ಪು. ಕಂಪ್ಯೂಟರ್ ರ್‍ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿಂದ ಓದುತ್ತದೆ. ಮೊದಲನೆಯದು ಇದೆಯಾ? ಇಲ್ಲ. ಎರಡನೆಯದು? ಇಲ್ಲ. ಮೂರನೆಯದು ಇದೆ. ಅಲ್ಲಿಗೆ ನಿಲ್ಲುತ್ತದೆ. ಕೆಳಗಿನದ್ದನ್ನು ತಿರುಗಿ ನೋಡಲ್ಲ. ಹಾಗಾಗಿ ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಏನೂ ನಷ್ಟವಿಲ್ಲ. ಬೇಡದ ಕಾಲೇಜನ್ನು ಮೇಲೆ ಹಾಕಿದರೆ ಮಾತ್ರ ಅದರ ಕೆಳಗಿನ ಬಾಗಿಲೆಲ್ಲ ಮುಚ್ಚುತ್ತವೆ. ನಿನಗೆ ಎಷ್ಟು ಇಷ್ಟವೋ ಆ ಕ್ರಮದಲ್ಲಿ ಇಡು. ಸಿಗುತ್ತಾ ಇಲ್ಲವಾ ಅನ್ನೋದು ಮಷೀನಿನ ಚಿಂತೆ. ಪಟ್ಟಿ ಉದ್ದ ಇರಲಿ, ಐದಾರಕ್ಕೆ ನಿಲ್ಲಿಸಬೇಡ. ಸೇರಲ್ಲ ಅನ್ನುವ ಕಾಲೇಜನ್ನು ಮಾತ್ರ ಹಾಕಲೇಬೇಡ.

ಇಷ್ಟು ಹೇಳಲು ಹದಿನೈದು ನಿಮಿಷ ಸಾಕು. ಆ ಹುಡುಗ ಸ್ವಲ್ಪ ಹೊತ್ತು ಚಾಪೆ ನೋಡುತ್ತಾ ಕೂತ. ಆಮೇಲೆ ಮೇಲಿನ ಪಟ್ಟಿಯನ್ನು ತೆಗೆದು ಕೊನೆಗೆ ಇಟ್ಟ. ಎಲ್ಲೋ ಕೆಳಗೆ ಅರ್ಧ ಮುಚ್ಚಿ ಹೋಗಿದ್ದ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಬಿಎಸ್ಸಿ ಅಗ್ರಿ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ತಂದು ಎಲ್ಲಕ್ಕಿಂತ ಮೇಲಿಟ್ಟ. ಅವನಿಗೆ ಬೇಕಾಗಿದ್ದು ಅದು. ಆದರೆ ಅದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ.

ಅವನದೇ ಇನ್ನೊಂದು ಸಂಗತಿ ಇದೆ. ಕೃಷಿ ಕೋರ್ಸುಗಳಿಗೆ ರೈತರ ಮಕ್ಕಳ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ ಗುರುತಿಸಬೇಕು, ಗೊಬ್ಬರ ಗುರುತಿಸಬೇಕು, ಸಲಕರಣೆ ಗುರುತಿಸಬೇಕು. ನಮ್ಮ ಮಕ್ಕಳು ಕಣ್ಣು ಮುಚ್ಚಿ ಹೇಳುತ್ತಾರೆ. ಅವನು ಎಳ್ಳು, ಸಜ್ಜೆ, ಗುರೆಳ್ಳನ್ನು ಕೈಗೆ ಹಿಡಿದೇ ಹೇಳಬಲ್ಲ. ಆದರೆ ಅದಕ್ಕೂ ಅರ್ಜಿ ಹಾಕುವಾಗಲೇ ದಾಖಲೆ ಕೊಡಬೇಕಿತ್ತು, ಅವನು ಕೊಟ್ಟಿರಲಿಲ್ಲ. ನನಗೇ ಆವಾಗ ಸರಿಯಾಗಿ ಗೊತ್ತಿರಲಿಲ್ಲ. ಆ ತಪ್ಪು ನನ್ನದೂ ಹೌದು.

ಅಣಕು ಹಂಚಿಕೆಯ ಗೊಂದಲ ಬೇರೆ. ನಿಜವಾದ ಸೀಟು ಕೊಡುವ ಮೊದಲು, ಈಗಿನ ಪಟ್ಟಿ ಪ್ರಕಾರ ಏನು ಬರಬಹುದು ಅಂತ ತೋರಿಸುತ್ತಾರೆ. ನೋಡಿ, ಪಟ್ಟಿ ತಿದ್ದಿಕೊಳ್ಳಿ ಅಂತ ಕೊಡುವ ಅವಕಾಶ ಅದು. ಬಹಳ ಒಳ್ಳೆಯ ಏರ್ಪಾಡು. ಆದರೆ ಒಂದು ಮನೆಯಲ್ಲಿ ಅದನ್ನೇ ನಿಜ ಅಂತ ತಿಳಿದು ಓಣಿಗೆಲ್ಲ ಸಕ್ಕರೆ ಹಂಚಿದ್ದರು. ನಿಜವಾದ ಹಂಚಿಕೆಯಲ್ಲಿ ಆ ಸೀಟು ಬರಲಿಲ್ಲ. ಆ ತಾಯಿ ವಾರಗಟ್ಟಲೆ ಹೊರಗೆ ಬರಲಿಲ್ಲ ಅಂತ ಮಗಳು ಹೇಳಿದಳು.

ನಾನು ಸೈನ್ಸ್ ಮಕ್ಕಳ ಬಗ್ಗೆಯೇ ಹೇಳುತ್ತಾ ಹೋದೆ. ನಮ್ಮ ಕಾಲೇಜಿನಲ್ಲಿ ಜಾಸ್ತಿ ಇರುವವರು ಆರ್ಟ್ಸ್ ಮಕ್ಕಳು. ಅವರ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಅವರಿಗೆ ಮುಂದೇನು ಅಂತ ಕೇಳಿದರೆ ಬಿಎ, ಇಲ್ಲದಿದ್ದರೆ ಏನೂ ಇಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಡಿಗ್ರಿ, ಬಿಎಡ್ ಎರಡನ್ನೂ ಸೇರಿಸಿ ಓದಬಹುದು ಅಂತ ಅವರಿಗೆ ಗೊತ್ತಿಲ್ಲ. ಟೀಚರ್ ಆಗಬೇಕು ಅನ್ನುವ ಹೆಣ್ಣುಮಕ್ಕಳೇ ನಮ್ಮಲ್ಲಿ ಎಷ್ಟೊಂದು ಇದ್ದಾರೆ! ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ನಮ್ಮ ಭಾಗದ್ದೇ. 2022ರಿಂದ ಅಲ್ಲಿಯ ಡಿಗ್ರಿಗೆ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಬೆಂಗಳೂರಿನ ನಾಗರಭಾವಿಯ ಲಾ ಸ್ಕೂಲಿಗೆ ಕ್ಲ್ಯಾಟ್ ಪರೀಕ್ಷೆ ಡಿಸೆಂಬರ್‌ನಲ್ಲೇ ನಡೆದುಹೋಗುತ್ತದೆ. ಅದು ಇಂಗ್ಲಿಷ್‌ನಲ್ಲಿ ಇರುತ್ತದೆ, ಕಷ್ಟ, ಒಪ್ಪುತ್ತೇನೆ. ಆದರೆ ನಮ್ಮ ಮಕ್ಕಳು ಅದರ ಹೆಸರು ಕೇಳುವುದೇ ಮೇ ತಿಂಗಳಲ್ಲಿ. ಬರೆದು ಫೇಲಾಗುವ ಅವಕಾಶವೂ ಅವರಿಗೆ ಸಿಗಲಿಲ್ಲವಲ್ಲ ಅಂತ ಬೇಜಾರು.

ನಮ್ಮ ವಿಶ್ವವಿದ್ಯಾಲಯಗಳ ಡಿಗ್ರಿಗೂ ಈಗ ಯುಯುಸಿಎಂಎಸ್ ಅಂತ ಆನ್‌ಲೈನ್ ಅರ್ಜಿ. 2024ರಲ್ಲಿ ಸರ್ಕಾರ ನಾಲ್ಕು ವರ್ಷದ ಪದವಿ ಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂತು. ಈಗಲೂ ಅಪ್ಪ ಅಮ್ಮ ಬಂದು ಮೂರಾ ನಾಲ್ಕಾ ಅಂತ ಕೇಳುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಒಳ್ಳೆಯದಾಗಿದೆ. 2023ರ ಜೂನ್‌ನಿಂದ ಬಸ್ ಫ್ರೀ ಆದ ಮೇಲೆ ದೂರದ ಕಾಲೇಜಿಗೆ ದಿನಾ ಹೋಗಿಬರುತ್ತೇನೆ ಅಂತ ಹೇಳುವ ಧೈರ್ಯ ಬಂದಿದೆ. ಸರ್ಕಾರಿ ಶಾಲೆ, ಸರ್ಕಾರಿ ಪಿಯುನಲ್ಲಿ ಓದಿ ಮುಂದಕ್ಕೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸರ್ಕಾರದ ಸ್ಕಾಲರ್‌ಶಿಪ್‌ಗಳಿವೆ. ಇವಕ್ಕೆಲ್ಲ ಕಾಲೇಜಿಗೆ ಸೇರಿದ ಮೇಲೆ ಅರ್ಜಿ ಹಾಕಬೇಕು. ನೆನಪು ಮಾಡುವವರು ಆಗಲೂ ಬೇಕು. ಈ ದುಡ್ಡು ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಎಷ್ಟೋ ಮನೆಗಳಲ್ಲಿ "ಸಾಕು ಬಿಡು, ಮದುವೆ ಮಾಡೋಣ" ಅನ್ನುವ ಮಾತು ಒಂದಷ್ಟು ಹಿಂದಕ್ಕೆ ಹೋಗುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮ ಕಾಲೇಜಿಗೆ ಮಾರ್ಗದರ್ಶನ ಅಂತ ಬರುವವರು ಯಾರು ಗೊತ್ತಾ? ಜನವರಿಯಲ್ಲಿ ಖಾಸಗಿ ಕಾಲೇಜುಗಳ ಪ್ರಚಾರದವರು. ಬ್ಯಾಗು, ಪೆನ್ನು ಕೊಡುತ್ತಾರೆ, ಅರ್ಧ ಗಂಟೆ ಮಾತಾಡುತ್ತಾರೆ, ಮಕ್ಕಳ ಫೋನ್ ನಂಬರ್ ಬರೆಸಿಕೊಂಡು ಹೋಗುತ್ತಾರೆ. ಫಲಿತಾಂಶ ಬಂದ ದಿನದಿಂದ ಫೋನ್ ಶುರು. ಈಗ ಅಡ್ವಾನ್ಸ್ ಕಟ್ಟಿ, ಇಲ್ಲದಿದ್ದರೆ ಸೀಟು ಹೋಗುತ್ತೆ ಅಂತ ಹೆದರಿಸುತ್ತಾರೆ. ಹೊಲ ಒತ್ತೆ ಇಟ್ಟು ದುಡ್ಡು ಕಟ್ಟಿದವರಿದ್ದಾರೆ. ಆ ಮಗುವಿಗೆ ಸಿಇಟಿ ಮೂಲಕ ಅದೇ ಕೋರ್ಸು ಅದರ ಸಣ್ಣ ಪಾಲು ಖರ್ಚಿನಲ್ಲಿ ಸಿಗುತ್ತಿತ್ತು. ಆ ಆರು ತಿಂಗಳು ಮಗುವಿಗೆ ತಪ್ಪದೆ ಫೋನ್ ಮಾಡುವವರು ಅವರೊಬ್ಬರೇ. ನಾವು ಮಾಡುವುದಿಲ್ಲ.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ರಾಜ್ಯದಲ್ಲಿ 1,200ಕ್ಕೂ ಹೆಚ್ಚು ಸರ್ಕಾರಿ ಪಿಯು ಕಾಲೇಜುಗಳಿವೆ. ಪ್ರತಿ ಕಾಲೇಜಿನಲ್ಲಿ ಒಬ್ಬ ಉಪನ್ಯಾಸಕರಿಗೆ ಈ ಕೆಲಸವನ್ನು ಹೆಸರು ಹಿಡಿದು ವಹಿಸಿ. ಅವರ ಕೆಲಸ ಮಾರ್ಚ್‌ಗೆ ಮುಗಿಯಬಾರದು, ಪಾಸಾದ ಪ್ರತಿ ಮಗು ಎಲ್ಲಿ ಸೇರಿತು ಅಂತ ಗೊತ್ತಾಗುವವರೆಗೆ, ಅಂದರೆ ಸೆಪ್ಟೆಂಬರ್ ಕೊನೆಯವರೆಗೆ ಇರಬೇಕು. ಸುಮ್ನೆ ಹೆಚ್ಚುವರಿ ಹೊರೆ ಅಂತ ಹೊರಿಸಬೇಡಿ. ವಾರಕ್ಕೆ ಎರಡು ಪೀರಿಯಡ್ ಕಾರ್ಯಭಾರದಲ್ಲಿ ಸೇರಿಸಿ. ಬೇಸಿಗೆ ರಜೆಯಲ್ಲಿ ಕೆಲಸ ಮಾಡಿದ ದಿನಗಳಿಗೆ ಗಳಿಕೆ ರಜೆ ಕೊಡಿ. ಮೌಲ್ಯಮಾಪನಕ್ಕೆ ಹೋದರೆ ಲೆಕ್ಕ ಇದೆ, ಚುನಾವಣೆಗೆ ಹೋದರೆ ಲೆಕ್ಕ ಇದೆ. ಇದಕ್ಕೂ ಇರಲಿ. ಅತಿಥಿ ಉಪನ್ಯಾಸಕರೇ ಜಾಸ್ತಿ ಇರುವ ಕಾಲೇಜುಗಳಲ್ಲಿ ಅವರಿಗೇ ಈ ಕೆಲಸ ಕೊಟ್ಟು, ಬೇಸಿಗೆ ತಿಂಗಳುಗಳಿಗೂ ಗೌರವಧನ ಕೊಡಿ. ಎಷ್ಟೋ ಅತಿಥಿ ಉಪನ್ಯಾಸಕರು ಇತ್ತೀಚೆಗಷ್ಟೇ ಇದೇ ದಾರಿಯಲ್ಲಿ ಬಂದವರು, ನನಗಿಂತ ಚೆನ್ನಾಗಿ ಹೇಳಬಲ್ಲರು.

ಫಸ್ಟ್ ಪಿಯು ಮಕ್ಕಳ ಕಾಗದ ನೋಡುವ ಆ ಶನಿವಾರವನ್ನು ಎಲ್ಲ ಕಾಲೇಜುಗಳಲ್ಲೂ ಮಾಡಿಸಿ. ಅವತ್ತು ನಾಡಕಚೇರಿಯಿಂದ ಒಬ್ಬರು ಬಂದು ಕೂತರೆ ಇನ್ನೂ ಒಳ್ಳೆಯದು. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರ ಜೊತೆ ಮಾತಾಡಿ ಈ ಉಪನ್ಯಾಸಕರಿಗೆ ವರ್ಷಕ್ಕೊಮ್ಮೆ ಎರಡು ದಿನದ ತರಬೇತಿ ಕೊಡಿಸಿ. ನಿಯಮಗಳು ವರ್ಷ ವರ್ಷ ಸ್ವಲ್ಪ ಬದಲಾಗುತ್ತವೆ, ಹೋದ ವರ್ಷದ ತಿಳಿವಳಿಕೆ ಈ ವರ್ಷ ಕೈಕೊಡುತ್ತದೆ.

ಇನ್ನೊಂದು. ಇದು ನನಗೆ ಎಲ್ಲಕ್ಕಿಂತ ಮುಖ್ಯ. ನಮ್ಮ ಕಾಲೇಜಿನ ಗೋಡೆ ಮೇಲೆ ವರ್ಷ ವರ್ಷದ ಫಲಿತಾಂಶ ಬರೆದ ಫಲಕ ಇದೆ. ಹಾಜರಾದವರು ಎಷ್ಟು, ಪಾಸಾದವರು ಎಷ್ಟು, ಶೇಕಡಾ ಎಷ್ಟು. ಪ್ರಾಂಶುಪಾಲರನ್ನು ಸಭೆಯಲ್ಲಿ ಕೇಳುವುದೂ ಅದನ್ನೇ. ಆ ಫಲಕಕ್ಕೆ ಇನ್ನೊಂದು ಕಾಲಂ ಸೇರಿಸಿ: ಮುಂದೆ ಸೇರಿದವರು ಎಷ್ಟು. ಸೆಪ್ಟೆಂಬರ್ 30ಕ್ಕೆ ಅದನ್ನು ತುಂಬಬೇಕು ಅಂತ ಒಂದು ಸುತ್ತೋಲೆ ಬಂದರೆ ಸಾಕು. ಆ ಅಂಕಿ ತುಂಬಬೇಕಾದರೆ ಯಾರಾದರೂ ಪ್ರತಿ ಮಗುವಿಗೂ ಫೋನ್ ಮಾಡಲೇಬೇಕು. ಫೋನ್ ಮಾಡಿದರೆ ಅರ್ಧ ತೊಂದರೆ ಅಲ್ಲೇ ಗೊತ್ತಾಗುತ್ತದೆ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಸಿಇಟಿ ಅರ್ಜಿಯಲ್ಲಿ ನಿಮ್ಮದೇ ಮನೆಯ ಫೋನ್ ನಂಬರ್ ಕೊಡಿ. ಪಾಸ್‌ವರ್ಡ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೊನೆ ದಿನದವರೆಗೆ ಕಾಯಬೇಡಿ. ಗೊತ್ತಾಗದಿದ್ದರೆ ಏನೂ ಒತ್ತುವ ಮೊದಲು ನಿಮ್ಮ ಮಗುವಿನ ಕಾಲೇಜಿಗೆ ಬನ್ನಿ. ಪರೀಕ್ಷೆ ಮುಗಿದಿದ್ದರೂ ಪರವಾಗಿಲ್ಲ, ಟಿಸಿ ತೆಗೆದುಕೊಂಡಿದ್ದರೂ ಪರವಾಗಿಲ್ಲ. ಮಕ್ಕಳೇ, ನೀವೂ ಅಷ್ಟೆ. ನಾನು ನಿಮ್ಮ ಮೇಡಮ್ಮೇ.

ಮಾನ್ಯರೆ, ಈ ವರ್ಷ ನಮ್ಮ ಕಾಲೇಜಿನಿಂದ ಮೂರೂ ವಿಭಾಗ ಸೇರಿ 118 ಮಕ್ಕಳು ಪರೀಕ್ಷೆ ಬರೆಯುತ್ತಿದ್ದಾರೆ. ಅಷ್ಟೂ ಹೆಸರು, ಫೋನ್ ನಂಬರ್ ಒಂದು ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಕೊನೆಯ ಕಾಲಂ ಖಾಲಿ ಬಿಟ್ಟಿದ್ದೇನೆ. ರಜೆಯಲ್ಲಿ ನಾನು ಊರಲ್ಲೇ ಇರುತ್ತೇನೆ. ಮನೆಯ ಚಾಪೆ ಮೇಲೆ 118 ಮಕ್ಕಳನ್ನು ಕೂರಿಸಲು ಆಗುವುದಿಲ್ಲ. ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಆರು ಕಂಪ್ಯೂಟರ್ ಇವೆ, ನಾಲ್ಕು ಕೆಲಸ ಮಾಡುತ್ತವೆ. ರಜೆಯಲ್ಲಿ ಅದಕ್ಕೆ ಬೀಗ ಹಾಕುತ್ತಾರೆ, ತೆರೆಯಲು ಆದೇಶ ಬೇಕು ಅನ್ನುತ್ತಾರೆ. ಉಳಿದದ್ದೆಲ್ಲ ನಿಧಾನವಾಗಿ ಆಗಲಿ. ಏಪ್ರಿಲ್ ಒಂದರ ಒಳಗೆ ಆ ಕೋಣೆಯ ಬೀಗದ ಕೈ ನನಗೆ ಕೊಡಲು ಒಂದು ಆದೇಶ ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಕೆಮಿಸ್ಟ್ರಿ ಉಪನ್ಯಾಸಕಿ,
ಸರ್ಕಾರಿ ಪದವಿ ಪೂರ್ವ ಕಾಲೇಜು, ಕೊಪ್ಪಳ ಜಿಲ್ಲೆ